ವೀಕ್ಷಣೆಯ ಸಂಖ್ಯೆಗೂ ಒಂದು ನಿಯಮ ಬೇಕು: ಕೊಡಗಿನ ಗ್ರಂಥಾಲಯವೊಂದರಿಂದ ಬಹಿರಂಗ ಪತ್ರ

ಇವರಿಗೆ,
ಮಾನ್ಯ ಕಾರ್ಯದರ್ಶಿಗಳು,
ಮಾಹಿತಿ ಮತ್ತು ಪ್ರಸಾರ ಸಚಿವಾಲಯ ಹಾಗೂ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯ,
ಭಾರತ ಸರ್ಕಾರ, ನವದೆಹಲಿ.

ವಿಷಯ: ಅಂತರ್ಜಾಲದ ವಿಡಿಯೊಗಳ ಮೇಲೆ ತೋರಿಸುವ ವೀಕ್ಷಣೆ, ಲೈಕ್ ಮತ್ತು ಶ್ರೇಯಾಂಕಗಳು ಜನರ ಆಯ್ಕೆಯನ್ನು ತಿರುಗಿಸುತ್ತಿರುವ ಬಗ್ಗೆ, ಹಾಗೂ ಅವುಗಳಿಗೆ ನಿಯಮ ರೂಪಿಸಬೇಕೆಂಬ ಮನವಿ.

ಮಾನ್ಯರೇ,

ನಾನು ಕೊಡಗು ಜಿಲ್ಲೆಯ ವಿರಾಜಪೇಟೆ ತಾಲ್ಲೂಕಿನ ಗ್ರಾಮ ಪಂಚಾಯಿತಿಯೊಂದರ ಗ್ರಂಥಾಲಯದ ಮೇಲ್ವಿಚಾರಕಿ. ನಮ್ಮ ರಾಜ್ಯದಲ್ಲಿ ಈಗ ಇಂಥ ಗ್ರಂಥಾಲಯಗಳನ್ನು ಅರಿವು ಕೇಂದ್ರಗಳೆಂದು ಕರೆಯುತ್ತಾರೆ. ಪುಸ್ತಕದ ಕಪಾಟುಗಳ ಪಕ್ಕದಲ್ಲಿ ಎರಡು ಕಂಪ್ಯೂಟರುಗಳಿವೆ. ಕರೆಂಟ್ ಇದ್ದು ನೆಟ್‌ವರ್ಕ್ ಸಿಕ್ಕ ದಿನ ಅವುಗಳ ಮುಂದೆ ಶಾಲೆಯ ಮಕ್ಕಳು, ಕಾಫಿ ತೋಟದ ಮಾಲೀಕರು, ತೋಟದೊಳಗಿನ ಸಾಲುಮನೆಗಳಾದ ಲೈನ್ ಮನೆಗಳ ಕಾರ್ಮಿಕರು, ಪರೀಕ್ಷೆಗೆ ಓದುವ ಯುವಕರು ಸರದಿಯಲ್ಲಿ ಕಾಯುತ್ತಾರೆ. ಹೆಚ್ಚಿನವರು ಬರುವುದು ವಿಡಿಯೊ ನೋಡಿ ಏನಾದರೊಂದನ್ನು ತಿಳಿದುಕೊಳ್ಳಲು. ಓದುವುದರ ಬದಲು ನೋಡುತ್ತಾರೆ ಎಂಬ ದೂರು ನನ್ನದಲ್ಲ. ಓದಲು ಬಾರದ ಹಿರಿಯರೂ ಇಂದು ಕುಳಿತು ಕಲಿಯುವುದನ್ನು ಕಂಡು ಸಂತೋಷಪಟ್ಟವಳು ನಾನು. ಆದರೆ ಅವರು ಏನನ್ನು ನೋಡಬೇಕೆಂದು ತೀರ್ಮಾನಿಸುವ ಆ ಒಂದೆರಡು ಕ್ಷಣಗಳನ್ನು ದಿನವೂ ಹಿಂದೆ ನಿಂತು ಗಮನಿಸುವ ಅವಕಾಶ ನನಗೆ ಸಿಕ್ಕಿದೆ, ಮತ್ತು ಅಲ್ಲಿ ಕಂಡದ್ದನ್ನು ನಿಮ್ಮ ಮುಂದಿಡದೆ ಸುಮ್ಮನಿರಲು ಆಗುತ್ತಿಲ್ಲ.

ಹುಡುಕಿದ ವಿಷಯದ ಮೇಲೆ ಹತ್ತಾರು ವಿಡಿಯೊಗಳು ಪರದೆಯ ಮೇಲೆ ಸಾಲಾಗಿ ಬಂದಾಗ ನಮ್ಮವರ ಕಣ್ಣು ಮೊದಲು ಹೋಗುವುದು ವಿಡಿಯೊದ ಹೆಸರಿಗಲ್ಲ, ಮಾಡಿದವರು ಯಾರು ಎಂಬುದಕ್ಕೂ ಅಲ್ಲ. ‘ಎಷ್ಟು ವ್ಯೂಸ್ ಆಗಿದೆ ನೋಡು’ ಎಂಬುದೇ ಮೊದಲ ಮಾತು. ಲಕ್ಷ ದಾಟಿದ್ದರೆ ಒತ್ತುತ್ತಾರೆ. ನೂರಿನ್ನೂರರಲ್ಲಿದ್ದರೆ ಅದು ಇಲ್ಲವೇ ಇಲ್ಲವೇನೋ ಎಂಬಂತೆ ಬೆರಳು ಕೆಳಗೆ ಸರಿಯುತ್ತದೆ. ಅವರು ಒತ್ತಿದ್ದರಿಂದ ಆ ಲಕ್ಷಕ್ಕೆ ಇನ್ನೊಂದು ಸೇರುತ್ತದೆ, ಮುಂದೆ ಬಂದವರಿಗೆ ಅದೇ ವಿಡಿಯೊ ಇನ್ನಷ್ಟು ದೊಡ್ಡದಾಗಿ ಕಾಣುತ್ತದೆ. ಹೀಗೆ ಸಂಖ್ಯೆ ಜನರ ಮೆಚ್ಚುಗೆಯನ್ನು ಅಳೆಯುವುದರ ಜೊತೆಗೆ ಅದನ್ನು ಹುಟ್ಟಿಸುವ ಕೆಲಸವನ್ನೂ ಮಾಡುತ್ತಿದೆ. ಈ ಎರಡನೆಯ ಕೆಲಸಕ್ಕೆ ಇಂದು ಯಾರೂ ಹೊಣೆಗಾರರಾಗಿಲ್ಲ ಎಂಬುದೇ ನನ್ನ ದೂರು.

ಇದರಿಂದಾದ ಒಂದು ನಷ್ಟವನ್ನು ವಿವರವಾಗಿ ಹೇಳಬೇಕು. ನಮ್ಮ ಊರಿನ ಹಿರಿಯ ಬೆಳೆಗಾರರೊಬ್ಬರಿಗೆ ಸಣ್ಣ ತೋಟವಿದೆ. ಕಾಫಿಯ ನೆರಳಿಗೆಂದು ಬೆಳೆಸಿದ ಮರಗಳಿಗೆ ಹಬ್ಬಿಸಿದ ಕಾಳುಮೆಣಸಿನ ಬಳ್ಳಿಗಳೇ ಅವರ ಮನೆಯ ಮುಖ್ಯ ಆಸರೆ. ಮಳೆಗಾಲದಲ್ಲಿ ಈ ಬಳ್ಳಿಗಳಿಗೆ ಶೀಘ್ರ ಸೊರಗು ರೋಗ ಬರುತ್ತದೆ. ನೀರು ನಿಂತ ಮಣ್ಣಿನಲ್ಲಿ ಬೆಳೆಯುವ ಫೈಟೊಫ್ತೊರ ಎಂಬ ಸೂಕ್ಷ್ಮಜೀವಿ ಬೇರಿಗೂ ಬುಡಕ್ಕೂ ತಗುಲಿದರೆ ಹಸಿರಾಗಿದ್ದ ಬಳ್ಳಿ ಕೆಲವೇ ವಾರಗಳಲ್ಲಿ ಎಲೆ ಉದುರಿಸಿ ಒಣಗಿ ನಿಲ್ಲುತ್ತದೆ. ಇದನ್ನು ತಡೆಯಲು ಮುಂಗಾರು ಕಾಲೂರುವ ಮೊದಲು ಒಮ್ಮೆ, ಮಳೆಯ ನಡುವೆ ಬಿಡುವು ಸಿಕ್ಕಾಗ ಇನ್ನೊಮ್ಮೆ ಶೇಕಡ 1ರ ಬೋರ್ಡೋ ದ್ರಾವಣ ಸಿಂಪಡಿಸುವುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ಕ್ರಮ. 1 ಕಿಲೊ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕಿಲೊ ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ, ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತಾ ಕದಡಬೇಕು. ಕೊನೆಗೆ ಹೊಳೆಯುವ ಚಾಕುವನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ನೋಡಬೇಕು. ಚಾಕುವಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದೆಂದು ಅರ್ಥ, ಹಾಗೇ ಹೊಡೆದರೆ ಎಲೆ ಸುಡುತ್ತದೆ.

ಆ ಹಿರಿಯರ ಮಗ ಊರು ಬಿಟ್ಟ ಮೇಲೆ ಅವರೇ ಎಲ್ಲವನ್ನೂ ನೋಡಿಕೊಳ್ಳಬೇಕಾಗಿ ಬಂದು, ಅಳತೆ ಸರಿಯಾಗಿ ನೆನಪಿಲ್ಲದೆ ನಮ್ಮ ಗ್ರಂಥಾಲಯಕ್ಕೆ ಬಂದರು. ನಾನೇ ಹುಡುಕಿಕೊಟ್ಟೆ. ಪರದೆಯ ಮೊದಲಲ್ಲೇ ಎಂಟು ಲಕ್ಷ ವೀಕ್ಷಣೆಯ ಒಂದು ವಿಡಿಯೊ ಇತ್ತು. ಬಹಳ ಕೆಳಗೆ, ಮೆಣಸಿನ ಬೆಳೆಯನ್ನೇ ಓದಿಕೊಂಡ ತಜ್ಞರೊಬ್ಬರು ಕನ್ನಡದಲ್ಲಿ ಸಾವಧಾನವಾಗಿ ವಿವರಿಸಿದ ಇನ್ನೊಂದಿತ್ತು. ಅದನ್ನು ನೋಡಿದವರು ಮುನ್ನೂರು ಜನರೂ ಇರಲಿಲ್ಲ. ನಾನು ಎರಡನೆಯದನ್ನು ತೋರಿಸಲು ಹೋದೆ. ಅವರು ಹೇಳಿದ ಮಾತು ಈಗಲೂ ನನ್ನ ಕಿವಿಯಲ್ಲಿದೆ: ‘ಎಂಟು ಲಕ್ಷ ಜನ ನೋಡಿದ್ದಾರಲ್ಲಾ ತಂಗಿ, ಅಷ್ಟೂ ಜನ ತಿಳಿಯದವರಾ?’ ನನ್ನ ಹತ್ತಿರ ಉತ್ತರವಿರಲಿಲ್ಲ. ಆ ಜನಪ್ರಿಯ ವಿಡಿಯೊದಲ್ಲಿ, ಸಿಂಪಡಣೆಯ ಮೂತಿ ಕಟ್ಟಿಕೊಳ್ಳದಿರಲೆಂದು ಸುಣ್ಣವನ್ನು ಕಾಲು ಭಾಗಕ್ಕೆ ಇಳಿಸಲು ಹೇಳಿದ್ದರು. ಚಾಕುವಿನ ಪರೀಕ್ಷೆಯ ಮಾತೇ ಇರಲಿಲ್ಲ. ಅವರು ಹಾಗೆಯೇ ಮಾಡಿದರು. ವಾರ ಕಳೆಯುವುದರೊಳಗೆ ಎಳೆಯ ಎಲೆಗಳೂ ಹೂಗೊಂಚಲುಗಳೂ ಸುಟ್ಟು ಕಪ್ಪಾದವು, ಆ ವರ್ಷದ ಮೆಣಸು ಅರ್ಧಕ್ಕಿಂತ ಕಡಿಮೆಯಾಯಿತು. ಆಮೇಲೆ ನಾವಿಬ್ಬರೂ ಕುಳಿತು ಅದೇ ವಿಡಿಯೊದ ಪ್ರತಿಕ್ರಿಯೆಗಳನ್ನು ಕೊನೆಯವರೆಗೆ ಓದಿದೆವು. ಬೇರೆ ಯಾರೋ ಬೆಳೆಗಾರರು ‘ಹೀಗೆ ಮಾಡಬೇಡಿ, ನನ್ನ ಬಳ್ಳಿ ಸುಟ್ಟುಹೋಯಿತು’ ಎಂದು ಬಹಳ ಹಿಂದೆಯೇ ಬರೆದಿದ್ದರು. ಆ ಮಾತಿಗೆ ಒಂದು ಲೈಕ್ ಕೂಡ ಇರಲಿಲ್ಲವಾದ್ದರಿಂದ ಅದು ಪಾತಾಳದಲ್ಲಿತ್ತು. ಮೇಲೆ ತೇಲುತ್ತಿದ್ದದ್ದು ‘ಸೂಪರ್ ಸರ್’ ಎಂಬ ನೂರಾರು ಮಾತುಗಳು.

ಈ ಘಟನೆಯಲ್ಲಿ ನಾನು ಆ ವಿಡಿಯೊ ಮಾಡಿದವರನ್ನಷ್ಟೇ ದೂರುವುದಿಲ್ಲ. ತಪ್ಪು ಹೇಳುವವರು ಎಲ್ಲ ಕಾಲದಲ್ಲೂ ಇದ್ದಾರೆ. ಸಂತೆಯಲ್ಲಿ ಯಾರಾದರೂ ತಪ್ಪು ಅಳತೆ ಹೇಳಿದರೆ ಅದು ನಾಲ್ಕು ಜನರ ಕಿವಿಗೆ ಬಿದ್ದು ಅಲ್ಲೇ ನಿಲ್ಲುತ್ತಿತ್ತು, ಮರುವಾರದ ಸಂತೆಗೆ ಅವನು ಉತ್ತರ ಕೊಡಬೇಕಾಗಿತ್ತು. ಇಲ್ಲಿ ತಪ್ಪಿನ ಮೇಲೆ ಎಂಟು ಲಕ್ಷ ಎಂಬ ಮುದ್ರೆ ಬಿದ್ದಿತ್ತು. ಆ ಎಂಟು ಲಕ್ಷದಲ್ಲಿ ಮೆಣಸಿನ ಬಳ್ಳಿಯನ್ನೇ ಕಾಣದವರು ಎಷ್ಟು ಜನ, ಅರ್ಧ ನಿಮಿಷ ನೋಡಿ ಬಿಟ್ಟವರು ಎಷ್ಟು ಜನ, ಎರಡೆರಡು ಸಲ ತೆರೆದವರು ಎಷ್ಟು ಜನ ಎಂಬುದನ್ನು ಆ ಸಂಖ್ಯೆ ಹೇಳುವುದಿಲ್ಲ. ಅದು ವಿಡಿಯೊ ತೆರೆದದ್ದನ್ನು ಎಣಿಸುತ್ತದೆ. ಅದರಂತೆ ಔಷಧಿ ಹೊಡೆದು ಬಳ್ಳಿ ಕಳೆದುಕೊಂಡವರನ್ನು ಎಣಿಸುವುದಿಲ್ಲ. ಆದರೂ ನಮ್ಮ ಹಿರಿಯರು ಅದನ್ನು ಎಂಟು ಲಕ್ಷ ರೈತರ ಅನುಭವವೆಂದು ಓದಿದರು. ಹಾಗೆ ಓದಿಕೊಳ್ಳುವಂತೆಯೇ ಅದನ್ನು ಅಲ್ಲಿ ಇಟ್ಟಿರುವಾಗ ತಪ್ಪು ಅವರದೆಂದು ನಾನು ಹೇಗೆ ಹೇಳಲಿ?

ಮಕ್ಕಳ ವಿಷಯದಲ್ಲಿ ಇದೇ ಕಥೆ ಬೇರೆ ರೂಪದಲ್ಲಿ ನಡೆಯುತ್ತದೆ. ಎಂಟನೆಯ ತರಗತಿಯ ಮಕ್ಕಳು ಋತುಗಳ ಪಾಠವನ್ನು ಹುಡುಕಿ, ಅತಿ ಹೆಚ್ಚು ವೀಕ್ಷಣೆಯ ವಿಡಿಯೊ ನೋಡಿ, ಭೂಮಿ ಸೂರ್ಯನ ಹತ್ತಿರ ಬಂದಾಗ ಬೇಸಿಗೆ, ದೂರ ಹೋದಾಗ ಚಳಿಗಾಲ ಎಂದು ಬರೆದುಕೊಂಡಿದ್ದರು. ಭೂಮಿ ಸೂರ್ಯನಿಗೆ ಅತಿ ಹತ್ತಿರ, ಅಂದರೆ ಸುಮಾರು 14.7 ಕೋಟಿ ಕಿಲೊಮೀಟರ್ ದೂರದಲ್ಲಿ, ಇರುವುದು ಜನವರಿ ಮೊದಲ ವಾರದಲ್ಲಿ. ಕೊಡಗಿನಲ್ಲಿ ನಾವು ಮಂಜಿನ ನಡುವೆ ಬೆಂಕಿ ಕಾಯಿಸುವ ದಿನಗಳವು. ಅತಿ ದೂರ, ಸುಮಾರು 15.2 ಕೋಟಿ ಕಿಲೊಮೀಟರ್, ಇರುವುದು ಜುಲೈಯಲ್ಲಿ. ಋತುಗಳಾಗುವುದು ಭೂಮಿಯ ಅಕ್ಷ ಸುಮಾರು 23.5 ಡಿಗ್ರಿ ವಾಲಿರುವುದರಿಂದ. ನಾನು ಭೂಗೋಳದ ಮಾದರಿ ತಂದು ತೋರಿಸಿದಾಗ ಒಬ್ಬ ಹುಡುಗ ನಿಜಕ್ಕೂ ಗೊಂದಲದಿಂದ ಕೇಳಿದ: ‘ಅಷ್ಟೊಂದು ಜನ ನೋಡಿದ್ದಾರೆ ಅಕ್ಕಾ, ತಪ್ಪಿದ್ರೆ ಯಾರಾದ್ರೂ ಹೇಳ್ತಿರ್ಲಿಲ್ವಾ?’ ಆ ಮಗುವಿನ ತರ್ಕ ಸರಿಯಾಗಿಯೇ ಇದೆ. ಯಾರಾದರೂ ಹೇಳಿದರೂ ಅದು ಕಾಣದಂತೆ ವ್ಯವಸ್ಥೆ ಇದೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ಯೂಟ್ಯೂಬ್ 2021ರ ನವೆಂಬರ್‌ನಲ್ಲಿ ನಾಪಸಂದುಗಳ (ಡಿಸ್‌ಲೈಕ್‌ಗಳ) ಸಂಖ್ಯೆಯನ್ನು ನೋಡುಗರಿಂದ ಮರೆಮಾಡಿತು. ಸಣ್ಣ ಚಾನೆಲ್‌ಗಳ ಮೇಲೆ ಗುಂಪುಗಟ್ಟಿ ದಾಳಿ ನಡೆಯುವುದನ್ನು ತಡೆಯಲು ಹಾಗೆ ಮಾಡಿದ್ದಾಗಿ ಅವರು ಕೊಟ್ಟ ಕಾರಣವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮೆಚ್ಚಿದವರ ಲೆಕ್ಕವನ್ನು ಉಳಿಸಿ ಮೆಚ್ಚದವರ ಲೆಕ್ಕವನ್ನು ಮಾತ್ರ ತೆಗೆದರೆ ಉಳಿಯುವುದು ಅರ್ಧ ಸಾಕ್ಷ್ಯ.

ಇದಾದ ಮೇಲೆ ನಾನೊಂದು ಸಣ್ಣ ಪ್ರಯತ್ನ ಮಾಡಿದೆ. ಒಂದೇ ಪಾಠದ ಏಳೆಂಟು ವಿಡಿಯೊಗಳ ಹೆಸರು, ಮಾಡಿದವರ ಹೆಸರು ಮತ್ತು ಅವಧಿಯನ್ನು ಮಾತ್ರ ಚೀಟಿಗಳಲ್ಲಿ ಬರೆದು, ವೀಕ್ಷಣೆಯ ಸಂಖ್ಯೆ ಬರೆಯದೆ, ಮಕ್ಕಳ ಮುಂದೆ ಹರಡಿದೆ. ಮೊದಲ ಬಾರಿಗೆ ಅವರು ‘ಇವರು ಯಾರು, ಟೀಚರಾ?’ ಎಂದು ಕೇಳಿದರು. ‘ಇದು ನಮ್ಮ ಪುಸ್ತಕದ ಪಾಠದ ಹೆಸರೇ ಇದೆ’ ಎಂದು ಒಬ್ಬಳು ಗುರುತಿಸಿದಳು. ಬೇರೆ ಬೇರೆ ಮಕ್ಕಳು ಬೇರೆ ಬೇರೆ ಚೀಟಿ ಎತ್ತಿಕೊಂಡರು, ನೋಡಿ ಬಂದು ಯಾವುದು ಚೆನ್ನಾಗಿತ್ತೆಂದು ತಮ್ಮತಮ್ಮಲ್ಲೇ ವಾದಿಸಿದರು. ಅದೇ ಮಕ್ಕಳು ಪರದೆಯ ಮುಂದೆ ಕುಳಿತ ದಿನ ಎಲ್ಲರೂ ಒಂದನ್ನೇ ಒತ್ತಿದ್ದರು.

ನನ್ನ ಚೀಟಿಗಳ ಆಟದಿಂದ ಏನೂ ಸಿದ್ಧವಾಗದು ಎಂದು ತಾವು ಹೇಳಬಹುದು. ಆದರೆ ಇದನ್ನೇ ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದವರಿದ್ದಾರೆ. ಕೊಲಂಬಿಯಾ ವಿಶ್ವವಿದ್ಯಾಲಯದ ಮ್ಯಾಥ್ಯೂ ಸಾಲ್ಗನಿಕ್, ಪೀಟರ್ ಡಾಡ್ಸ್ ಮತ್ತು ಡಂಕನ್ ವಾಟ್ಸ್ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹೆಸರೇ ಕೇಳಿರದ ತಂಡಗಳ 48 ಹಾಡುಗಳನ್ನು 14,341 ಜನರ ಮುಂದಿಟ್ಟರು. ಕೆಲವರಿಗೆ ಹಾಡುಗಳ ಮತ್ತು ತಂಡಗಳ ಹೆಸರು ಮಾತ್ರ ಕಾಣುತ್ತಿತ್ತು. ಉಳಿದವರನ್ನು ಎಂಟು ಪ್ರತ್ಯೇಕ ಗುಂಪುಗಳಾಗಿ ಮಾಡಿ, ತಮ್ಮ ಗುಂಪಿನಲ್ಲಿ ಯಾವ ಹಾಡನ್ನು ಎಷ್ಟು ಜನ ಇಳಿಸಿಕೊಂಡಿದ್ದಾರೆ (ಡೌನ್‌ಲೋಡ್) ಎಂಬ ಸಂಖ್ಯೆಯನ್ನೂ ತೋರಿಸಿದರು. ಸಂಖ್ಯೆ ಕಂಡ ಗುಂಪುಗಳಲ್ಲಿ ಗೆದ್ದ ಹಾಡು ಬಹಳ ದೊಡ್ಡದಾಗಿ ಗೆದ್ದಿತು, ಸೋತದ್ದು ಪೂರ್ತಿ ಸೋತಿತು. ಅದಕ್ಕಿಂತ ಮುಖ್ಯವಾಗಿ, ಒಂದು ಗುಂಪಿನಲ್ಲಿ ಮೊದಲ ಸ್ಥಾನ ಪಡೆದ ಹಾಡೊಂದು ಇನ್ನೊಂದು ಗುಂಪಿನಲ್ಲಿ 40ನೆಯ ಸ್ಥಾನಕ್ಕೆ ಇಳಿದಿತ್ತು. ತೀರ ಒಳ್ಳೆಯ ಹಾಡುಗಳು ಎಲ್ಲೂ ಪೂರ್ತಿ ಸೋಲಲಿಲ್ಲ, ತೀರ ಕೆಟ್ಟವು ಎಲ್ಲೂ ಗೆಲ್ಲಲಿಲ್ಲ ಎಂಬುದೂ ನಿಜ. ನಡುವೆ ಇದ್ದ ಬಹುಪಾಲು ಹಾಡುಗಳ ಗತಿಯನ್ನು ಮಾತ್ರ ಮೊದಮೊದಲು ಬಂದ ಕೆಲವರು ಏನನ್ನು ಆರಿಸಿದರು ಎಂಬ ಆಕಸ್ಮಿಕವೇ ನಿರ್ಧರಿಸಿತು. ಅವರಲ್ಲಿ ಇಬ್ಬರು 2008ರಲ್ಲಿ ಪ್ರಕಟಿಸಿದ ಮುಂದಿನ ಪ್ರಯೋಗದಲ್ಲಿ ಸಂಖ್ಯೆಗಳನ್ನು ಬೇಕೆಂದೇ ತಲೆಕೆಳಗು ಮಾಡಿ ತೋರಿಸಿದಾಗ, ಹೆಚ್ಚಿನ ಹಾಡುಗಳ ವಿಷಯದಲ್ಲಿ ಸುಳ್ಳು ಜನಪ್ರಿಯತೆಯೇ ನಿಜವಾಗಿಬಿಟ್ಟಿತು, ಮತ್ತು ಒಟ್ಟಾರೆ ಇಳಿಸಿಕೊಂಡ ಹಾಡುಗಳ ಸಂಖ್ಯೆಯೇ ಕಡಿಮೆಯಾಯಿತು.

ಪ್ರತಿಕ್ರಿಯೆಗಳ ಪಾತಾಳದಲ್ಲಿ ಬಿದ್ದಿದ್ದ ಆ ಬೆಳೆಗಾರರ ಎಚ್ಚರಿಕೆಯ ಬಗ್ಗೆ ಯೋಚಿಸುವಾಗ ನನಗೆ ಇನ್ನೊಂದು ಅಧ್ಯಯನ ನೆನಪಾಗುತ್ತದೆ. ಲೆವ್ ಮುಚ್ನಿಕ್, ಸಿನಾನ್ ಅರಲ್ ಮತ್ತು ಶಾನ್ ಟೇಲರ್ 2013ರಲ್ಲಿ ಪ್ರಕಟಿಸಿದ ಆ ಅಧ್ಯಯನದಲ್ಲಿ, ಸುದ್ದಿತಾಣವೊಂದರ 1,01,281 ಪ್ರತಿಕ್ರಿಯೆಗಳಲ್ಲಿ ಕೆಲವನ್ನು ಚೀಟಿ ಎತ್ತಿದಂತೆ ಆರಿಸಿ ಸಂಶೋಧಕರೇ ಒಂದು ಮೆಚ್ಚುಗೆ ಒತ್ತಿದರು. ಆ ಒಂದೇ ಒಂದು ಒತ್ತಿನಿಂದ, ಅದನ್ನು ಮೊದಲು ಓದಿದವರು ತಾವೂ ಮೆಚ್ಚುವ ಸಾಧ್ಯತೆ ಶೇಕಡ 32ರಷ್ಟು ಏರಿತು, ಕೊನೆಯ ಅಂಕ ಸರಾಸರಿ ಶೇಕಡ 25ರಷ್ಟು ಹೆಚ್ಚಾಯಿತು. ಬರೆದ ಮಾತಿನಲ್ಲಿ ಒಂದು ಅಕ್ಷರವೂ ಬದಲಾಗಿರಲಿಲ್ಲ.

ಸಂಖ್ಯೆಯೆಂದರೆ ಜನರ ತೀರ್ಪು, ಅದನ್ನು ಮುಟ್ಟುವುದು ಜನರ ಸ್ವಾತಂತ್ರ್ಯವನ್ನು ಮುಟ್ಟಿದಂತೆ ಎಂಬ ವಾದವನ್ನು ನಾನು ಕೇಳಿದ್ದೇನೆ. ಮಾನ್ಯರೇ, ಜನರ ತೀರ್ಪನ್ನು ಅತ್ಯಂತ ಗೌರವದಿಂದ ಪಡೆಯುವ ಜಾಗ ನಮ್ಮ ದೇಶದಲ್ಲಿ ಮತಗಟ್ಟೆ. ಅಲ್ಲಿ ಸರದಿಯಲ್ಲಿ ನಿಂತವರಿಗೆ ಇದುವರೆಗೆ ಯಾರಿಗೆ ಎಷ್ಟು ಮತ ಬಿದ್ದಿದೆ ಎಂದು ಫಲಕ ಹಾಕಿ ತೋರಿಸುವುದಿಲ್ಲ. ಕೊನೆಯ ಹಂತದ ಮತದಾನ ಮುಗಿಯುವವರೆಗೆ ಮತಗಟ್ಟೆ ಸಮೀಕ್ಷೆಯನ್ನೂ ಪ್ರಕಟಿಸಬಾರದೆಂದು 1951ರ ಜನಪ್ರತಿನಿಧಿ ಕಾಯ್ದೆಯ 126ಎ ವಿಧಿ ಹೇಳುತ್ತದೆ. ಉಳಿದವರು ಏನು ಮಾಡಿದರೆಂಬುದು ಗೊತ್ತಾದರೆ ನಮ್ಮ ತೀರ್ಮಾನ ನಮ್ಮದಾಗಿ ಉಳಿಯುವುದು ಕಷ್ಟ ಎಂಬ ತಿಳಿವಳಿಕೆ ನಮ್ಮ ಶಾಸನದಲ್ಲಿ ಆಗಲೇ ಇದೆ. ಅದೇ ತಿಳಿವಳಿಕೆಯನ್ನು ಮಗು ಕಲಿಯುವ ಪಾಠಕ್ಕೂ ರೈತ ನಂಬುವ ಅಳತೆಗೂ ಸ್ವಲ್ಪವಾದರೂ ಅನ್ವಯಿಸಿ ಎಂದಷ್ಟೇ ನಾನು ಕೇಳುತ್ತಿರುವುದು.

ಈ ಸಂಖ್ಯೆಗಳೇನೂ ಪ್ರಕೃತಿದತ್ತವಲ್ಲ, ಸಂಸ್ಥೆಗಳು ತಮಗೆ ಬೇಕಾದಂತೆ ಬದಲಿಸುತ್ತಾ ಬಂದಿವೆ. ಯೂಟ್ಯೂಬ್‌ನಲ್ಲಿ ಮೊದಲು ಐದು ನಕ್ಷತ್ರಗಳಿದ್ದವು. ಬಹುತೇಕ ಎಲ್ಲರೂ ಐದನ್ನೇ ಒತ್ತುತ್ತಿದ್ದರಿಂದ 2010ರಲ್ಲಿ ಅವನ್ನು ತೆಗೆದು ಹೆಬ್ಬೆರಳು ಮೇಲೆತ್ತಿದ ಮತ್ತು ಕೆಳಗಿಳಿಸಿದ ಚಿಹ್ನೆಗಳನ್ನು (ಲೈಕ್, ಡಿಸ್‌ಲೈಕ್) ತಂದರು. 2012ರಿಂದ ಎಷ್ಟು ಸಲ ತೆರೆದರು ಎಂಬುದಕ್ಕಿಂತ ಎಷ್ಟು ಹೊತ್ತು ನೋಡಿದರು ಎಂಬುದಕ್ಕೆ ಅವರ ಶಿಫಾರಸು ಹೆಚ್ಚು ಬೆಲೆ ಕೊಡತೊಡಗಿತು. ಜನ ನೋಡುವ ಒಟ್ಟು ಸಮಯದಲ್ಲಿ ಶೇಕಡ 70ಕ್ಕಿಂತ ಹೆಚ್ಚು ಭಾಗ ತಮ್ಮ ಶಿಫಾರಸಿನಿಂದಲೇ ಬರುತ್ತದೆಂದು ಆ ಸಂಸ್ಥೆಯ ಹಿರಿಯ ಅಧಿಕಾರಿಯೊಬ್ಬರು 2018ರಲ್ಲಿ ಹೇಳಿದ್ದರು. ನೆಟ್‌ಫ್ಲಿಕ್ಸ್ 2020ರಲ್ಲಿ ಮೊದಲ ಹತ್ತರ ಪಟ್ಟಿ ತೋರಿಸಲು ಆರಂಭಿಸಿತು. ಆ ದಿನಗಳಲ್ಲಿ ಎರಡು ನಿಮಿಷ ನೋಡಿದರೂ ಅವರು ಅದನ್ನು ಒಂದು ವೀಕ್ಷಣೆಯೆಂದು ಲೆಕ್ಕ ಹಾಕುತ್ತಿದ್ದರು. 2021ರಲ್ಲಿ ಒಟ್ಟು ಗಂಟೆಗಳ ಲೆಕ್ಕಕ್ಕೆ ಬಂದರು. 2023ರಲ್ಲಿ ಆ ಗಂಟೆಗಳನ್ನು ಚಿತ್ರದ ಅವಧಿಯಿಂದ ಭಾಗಿಸತೊಡಗಿದರು. ಒಂದೇ ಪದಕ್ಕೆ ಮೂರ್ನಾಲ್ಕು ವರ್ಷಗಳಲ್ಲಿ ಮೂರು ಅರ್ಥ. ಕಿರಾಣಿ ಅಂಗಡಿಯ ತೂಕದ ಕಲ್ಲಿಗೆ ಸರ್ಕಾರದ ಮುದ್ರೆ ಬೇಕೆಂದು ಹೇಳುವ ನಾವು, ಕೋಟ್ಯಂತರ ಜನರ ಗಮನವನ್ನು ತೂಗುವ ಈ ಕಲ್ಲನ್ನು ಅಂಗಡಿಯವರ ಇಷ್ಟಕ್ಕೆ ಬಿಟ್ಟಿದ್ದೇವೆ.

ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಟ್ಟ ಸಂಗತಿಯನ್ನು ಈಗ ಹೇಳುತ್ತೇನೆ. ಸಂಸ್ಥೆಯೊಂದು ಶಾಲಾ ಮಕ್ಕಳಿಗಾಗಿ ಆನ್‌ಲೈನ್ ಜನಪದ ಗೀತೆ ಸ್ಪರ್ಧೆ ನಡೆಸಿತು. ಹಾಡಿದ ವಿಡಿಯೊ ಕಳುಹಿಸಬೇಕು, ಹತ್ತು ದಿನಗಳಲ್ಲಿ ಯಾವುದಕ್ಕೆ ಹೆಚ್ಚು ಲೈಕ್ ಬೀಳುತ್ತದೋ ಅದಕ್ಕೆ ಬಹುಮಾನ. ನಮ್ಮ ಗ್ರಂಥಾಲಯಕ್ಕೆ ಬರುವ, ತೋಟದ ಲೈನ್ ಮನೆಯಲ್ಲಿ ವಾಸಿಸುವ ಎರವ ಸಮುದಾಯದ ಹುಡುಗಿಯೊಬ್ಬಳು ತನ್ನ ಅಜ್ಜಿಯಿಂದ ಕಲಿತ ಹಾಡನ್ನು ತಮ್ಮದೇ ಮಾತಿನಲ್ಲಿ, ವಾದ್ಯವಿಲ್ಲದೆ, ಕಣ್ಣು ಮುಚ್ಚಿಕೊಂಡು ಹಾಡಿದಳು. ನಾನೇ ಚಿತ್ರೀಕರಿಸಿ ಕಳುಹಿಸಿದೆ. ಆ ಲೈನ್ ಮನೆಗಳಲ್ಲಿ ಇದ್ದದ್ದು ಒಂದೇ ಸ್ಮಾರ್ಟ್‌ಫೋನ್, ಅದಕ್ಕೂ ಬಟವಾಡೆಯ ದಿನ ಬಂದರೆ ಮಾತ್ರ ರೀಚಾರ್ಜ್. ಬೇರೆ ಮಕ್ಕಳ ಹೆತ್ತವರು ಕಚೇರಿಯ ಗುಂಪುಗಳಲ್ಲಿ, ನೆಂಟರಿಷ್ಟರ ಗುಂಪುಗಳಲ್ಲಿ ಕೊಂಡಿ ಹಂಚಿ ಸಾವಿರಗಟ್ಟಲೆ ಲೈಕ್ ಕೂಡಿಸಿದರು. ಅವರ ಮಕ್ಕಳೂ ಚೆನ್ನಾಗಿಯೇ ಹಾಡಿದ್ದರು, ಆ ಮಕ್ಕಳ ಮೇಲೆ ನನಗೆ ಯಾವ ಅಸಮಾಧಾನವೂ ಇಲ್ಲ. ನಮ್ಮ ಹುಡುಗಿಗೆ ಬಿದ್ದದ್ದು ಹತ್ತೊಂಬತ್ತು. ಫಲಿತಾಂಶದ ದಿನ ಅವಳು ನನ್ನ ಮೇಜಿನ ಪಕ್ಕದಲ್ಲಿ ನಿಂತು ‘ನಂದು ಚೆನ್ನಾಗಿರ್ಲಿಲ್ವಾ ಅಕ್ಕಾ?’ ಎಂದು ಕೇಳಿದಳು. ಲೈಕ್ ಬೇರೆ, ಹಾಡು ಬೇರೆ ಎಂದು ನಾನು ಎಷ್ಟು ವಿವರಿಸಿದರೂ ಅವಳಿಗೆ ಒಪ್ಪಿಗೆಯಾಗಲಿಲ್ಲ. ಮುಂದಿನ ತಿಂಗಳ ಶಾಲಾ ಕಾರ್ಯಕ್ರಮದಲ್ಲಿ ಅವಳು ಹಾಡಲು ಏಳಲಿಲ್ಲ.

ಸಣ್ಣ ಭಾಷೆಗಳ ಮಟ್ಟಿಗೆ ಇದು ಒಬ್ಬ ಮಗುವಿನ ಸೋಲಷ್ಟೇ ಅಲ್ಲ. ಯುನೆಸ್ಕೊ ಕೊಡವ ಭಾಷೆಯನ್ನು ಅಳಿವಿನ ಅಪಾಯದಲ್ಲಿರುವ ಭಾಷೆಗಳ ಸಾಲಿನಲ್ಲಿ ಹೆಸರಿಸಿದೆ. 2011ರ ಜನಗಣತಿಯಲ್ಲಿ ಅದನ್ನು ತಾಯ್ನುಡಿ ಎಂದವರು 1 ಲಕ್ಷ 13 ಸಾವಿರಕ್ಕೆ ಸ್ವಲ್ಪ ಮಿಕ್ಕಿ. ಕೊಡಗಿನ ಇಡೀ ಜನಸಂಖ್ಯೆಯೇ ಆ ವರ್ಷ 5,54,519. ಅಂದರೆ ತೊಟ್ಟಿಲ ಕೂಸಿನಿಂದ ಹಿಡಿದು ನಮ್ಮ ಜಿಲ್ಲೆಯ ಪ್ರತಿಯೊಬ್ಬರೂ ಒಂದೊಂದು ಸಲ ನೋಡಿದರೂ, ಜಿಲ್ಲೆಯ ಇನ್ನೊಂದು ನುಡಿಯಾದ ಅರೆಭಾಷೆಯ ಒಂದು ಸೋಬಾನೆ ಆಗಲಿ, ಸುಗ್ಗಿಯ ಹಬ್ಬವಾದ ಪುತ್ತರಿಯಲ್ಲಿ ದುಡಿ ಎಂಬ ಪುಟ್ಟ ಚರ್ಮವಾದ್ಯ ಹಿಡಿದು ನಾಲ್ವರು ಹಾಡುವ ಕೊಡವರ ಬಾಳೋಪಾಟ್ ಆಗಲಿ, ಆ ತಪ್ಪು ಅಳತೆಯ ವಿಡಿಯೊದ ಎಂಟು ಲಕ್ಷವನ್ನು ಮುಟ್ಟಲಾರದು. ಎಷ್ಟೇ ಚೆನ್ನಾಗಿದ್ದರೂ ಮೇಲಕ್ಕೆ ಬರುವ ಅವಕಾಶವೇ ಇಲ್ಲದ ಸ್ಪರ್ಧೆಗೆ ನಮ್ಮ ಭಾಷೆಗಳನ್ನು ಇಳಿಸಲಾಗಿದೆ. ಮಡಿಕೇರಿ ಆಕಾಶವಾಣಿಯಲ್ಲಿ ಕೊಡವ ಮತ್ತು ಅರೆಭಾಷೆಯ ಕಾರ್ಯಕ್ರಮಗಳು ಪ್ರಸಾರವಾಗುತ್ತವೆ. ಎಷ್ಟು ಜನ ಕೇಳುತ್ತಾರೆ ಎಂದು ನೋಡಿ ಅವನ್ನು ಕೆಳಕ್ಕೆ ತಳ್ಳಿಲ್ಲ. ಇಂಥ ಹೊತ್ತಿಗೆ ಇಂಥ ಭಾಷೆಗೆ ಎಂದು ಜಾಗ ಇಟ್ಟಿದ್ದಾರೆ. ಆ ಒಂದು ಏರ್ಪಾಡಿನ ಬೆಲೆ ನನಗೆ ಗೊತ್ತಾದದ್ದು ಪರದೆಯ ಮುಂದೆ ಕುಳಿತ ಮೇಲೆ.

ಕಳೆದ ಪುತ್ತರಿಯಲ್ಲಿ ನಮ್ಮ ಊರಿನ ಯುವಕರು ಹಿರಿಯರ ಬಾಳೋಪಾಟನ್ನು ಚಿತ್ರೀಕರಿಸಿ ಅಂತರ್ಜಾಲಕ್ಕೆ ಹಾಕಿದರು. ಇನ್ನೂರು ಜನ ನೋಡಿದರು. ಕೆಲವೇ ದಿನಗಳಲ್ಲಿ ಒಬ್ಬ ಯುವಕನ ವಾಟ್ಸ್ಆ್ಯಪ್‌ಗೆ ಒಂದು ದರಪಟ್ಟಿ ಬಂತು: ಸಾವಿರ ವೀಕ್ಷಣೆಗೆ ಇಷ್ಟು, ನೂರು ಲೈಕ್‌ಗೆ ಇಷ್ಟು. ಊರಿನಲ್ಲಿ ಚಂದಾ ಎತ್ತಿ ಕೊಳ್ಳೋಣವೇ ಎಂದು ಆ ಹುಡುಗರು ಪ್ರಾಮಾಣಿಕವಾಗಿಯೇ ನನ್ನನ್ನು ಕೇಳಿದರು, ಏಕೆಂದರೆ ಸಂಖ್ಯೆ ಇಲ್ಲದಿದ್ದರೆ ಯಾರೂ ತೆರೆಯುವುದಿಲ್ಲವೆಂದು ಅವರಿಗೆ ಅನುಭವದಿಂದ ಗೊತ್ತು. ಬೇಡವೆಂದೆ. ಆದರೆ ತೆತ್ತು ಕೊಂಡವರ ವಿಡಿಯೊ ಮೇಲೆ, ಬೇಡವೆಂದವರದು ಕೆಳಗೆ ಎಂಬ ವ್ಯವಸ್ಥೆಯಲ್ಲಿ ನನ್ನ ಉಪದೇಶಕ್ಕೆ ಎಷ್ಟು ದಿನ ಬೆಲೆ ಇರುತ್ತದೆ?

ಜನಪ್ರಿಯತೆಯಿಂದ ಒಳ್ಳೆಯದಾದದ್ದನ್ನೂ ಹೇಳಬೇಕು. 2018ರ ಆಗಸ್ಟ್‌ನಲ್ಲಿ ಕೊಡಗಿನ ಬೆಟ್ಟಗಳು ಕುಸಿದಾಗ ನಮ್ಮ ಜನರ ಕಷ್ಟದ ದೃಶ್ಯಗಳು ಕೈಯಿಂದ ಕೈಗೆ ಹರಡಿದ್ದರಿಂದಲೇ ನಾಡಿನ ಮೂಲೆಮೂಲೆಯಿಂದ ಅಕ್ಕಿ, ಕಂಬಳಿ, ಔಷಧಿ ಹರಿದು ಬಂತು. ಅದನ್ನು ಮರೆಯಲಾಗದು. ಆದರೆ ಅಂದಿನಿಂದ ಪ್ರತಿ ಕಕ್ಕಡದ (ಜುಲೈ-ಆಗಸ್ಟ್ ಹೊತ್ತಿನ) ಮಳೆಗೂ ಅದೇ ದೃಶ್ಯಗಳು ‘ಇಂದಿನ ಕೊಡಗು’ ಎಂಬ ಹೆಸರಿನಲ್ಲಿ ಮತ್ತೆ ಮೇಲೆ ಬರುತ್ತವೆ. ಹಳೆಯ ವಿಡಿಯೊಗೆ ವೀಕ್ಷಣೆ ಹೆಚ್ಚು ಎಂಬ ಕಾರಣಕ್ಕೇ ಅದು ಮೊದಲು ಕಾಣುತ್ತದೆ, ದಿನಾಂಕ ಸಣ್ಣಕ್ಷರದಲ್ಲಿ ಅಡಗಿರುತ್ತದೆ. ದೂರದ ಊರಿನಲ್ಲಿ ಕೆಲಸಕ್ಕಿರುವ ಮಕ್ಕಳು ಗಾಬರಿಯಿಂದ ಗ್ರಂಥಾಲಯಕ್ಕೆ ಫೋನ್ ಮಾಡಿ, ‘ನಮ್ಮಮ್ಮ ಹುಷಾರಾಗಿದ್ದಾರಾ, ಹೋಗಿ ನೋಡ್ತೀರಾ’ ಎಂದು ಕೇಳಿದ ರಾತ್ರಿಗಳು ನನಗೆ ನೆನಪಿವೆ.

ಇಷ್ಟನ್ನು ನಿಮ್ಮ ಮುಂದಿಟ್ಟು ನಾನು ಕೇಳುವುದು ಅಸಾಧ್ಯವಾದದ್ದೇನಲ್ಲ. ದೂರದರ್ಶನ ವಾಹಿನಿಗಳ ಟಿಆರ್‌ಪಿ ವಿಷಯದಲ್ಲಿ ಮಾಹಿತಿ ಮತ್ತು ಪ್ರಸಾರ ಸಚಿವಾಲಯವೇ 2014ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿ, ರೇಟಿಂಗ್ ಕೊಡುವ ಸಂಸ್ಥೆ ನೋಂದಾಯಿಸಿಕೊಳ್ಳಬೇಕು, ಎಣಿಸುವ ವಿಧಾನವನ್ನು ಪ್ರಕಟಿಸಬೇಕು, ವಾಹಿನಿಗಳ ಜೊತೆ ಹಿತಾಸಕ್ತಿಯ ನಂಟು ಇರಬಾರದು ಎಂದು ಹೇಳಿತ್ತು. 2020ರಲ್ಲಿ ರೇಟಿಂಗ್ ತಿರುಚಿದ ಆರೋಪ ಬಂದಾಗ ಸುದ್ದಿ ವಾಹಿನಿಗಳ ರೇಟಿಂಗ್ ಪ್ರಕಟಣೆಯೇ ನಿಂತು, 2022ರ ಮಾರ್ಚ್‌ನಲ್ಲಿ ಮತ್ತೆ ಆರಂಭವಾಯಿತು. ಇಂದು ನಮ್ಮ ಹಳ್ಳಿಯ ಜನ ಟಿವಿಗಿಂತ ಹೆಚ್ಚು ನೋಡುತ್ತಿರುವುದು ಫೋನನ್ನು. ಅಲ್ಲಿ ಎಣಿಸುವವರೂ, ಆ ಎಣಿಕೆಯನ್ನು ತೋರಿಸುವವರೂ, ಅದರಿಂದ ಜಾಹೀರಾತಿನ ಹಣ ಪಡೆಯುವವರೂ ಒಬ್ಬರೇ. ಆದ್ದರಿಂದ ದೊಡ್ಡ ವಿಡಿಯೊ ತಾಣಗಳು ‘ಒಂದು ವೀಕ್ಷಣೆ’ ಎಂದರೆ ಏನು, ಎಷ್ಟು ಹೊತ್ತು ನೋಡಿದರೆ ಅದು ಲೆಕ್ಕಕ್ಕೆ ಬರುತ್ತದೆ ಎಂಬುದನ್ನು ಸಂಖ್ಯೆಯ ಪಕ್ಕದಲ್ಲೇ, ಕನ್ನಡವೂ ಸೇರಿ ನೋಡುಗರ ಭಾಷೆಯಲ್ಲಿ ತಿಳಿಸುವಂತೆಯೂ, ಆ ಎಣಿಕೆಯನ್ನು ಹೊರಗಿನವರು ಪರಿಶೀಲಿಸುವಂತೆಯೂ ತಾವು ನಿಯಮ ಮಾಡಬೇಕು.

ಅದಕ್ಕಿಂತ ತುರ್ತಾಗಿ ನಾನು ಕೇಳುವುದು ಸಂಖ್ಯೆಗಳನ್ನು ಮರೆಮಾಡಿಕೊಳ್ಳುವ ಹಕ್ಕನ್ನು. ಯುರೋಪಿನ ಒಕ್ಕೂಟ 2022ರಲ್ಲಿ ತಂದ ಡಿಜಿಟಲ್ ಸೇವೆಗಳ ಕಾಯ್ದೆಯ 27ನೆಯ ವಿಧಿ, ಯಾವ ಆಧಾರದ ಮೇಲೆ ಶಿಫಾರಸು ಮಾಡುತ್ತಿದ್ದೇವೆಂದು ತಾಣಗಳು ಸರಳ ಮಾತಿನಲ್ಲಿ ಹೇಳಬೇಕೆನ್ನುತ್ತದೆ. 38ನೆಯ ವಿಧಿ, ನೋಡುಗರ ಹಿಂದಿನ ನಡವಳಿಕೆಯನ್ನು ಆಧರಿಸದ ಇನ್ನೊಂದು ಆಯ್ಕೆಯನ್ನು ಅತಿ ದೊಡ್ಡ ತಾಣಗಳು ಕೊಡಲೇಬೇಕೆನ್ನುತ್ತದೆ. ನಮ್ಮ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳಿಗೆ ಇಂಥದ್ದೊಂದನ್ನು ಸೇರಿಸಿ, ಒಂದು ಗುಂಡಿ ಒತ್ತಿದರೆ ವೀಕ್ಷಣೆ, ಲೈಕ್, ಶ್ರೇಯಾಂಕ ಯಾವುದೂ ಕಾಣದಂತೆ ಮಾಡುವ ಅವಕಾಶ ಕೊಡಿ. ಶಾಲೆಗಳ ಮತ್ತು ಸಾರ್ವಜನಿಕ ಗ್ರಂಥಾಲಯಗಳ ಕಂಪ್ಯೂಟರುಗಳಲ್ಲಿ ಮೊದಲಿನಿಂದಲೇ ಹಾಗೆ ಇರಲಿ. ನೋಡಬೇಕೆನ್ನುವವರು ಬೇಕಾದರೆ ತೆರೆದುಕೊಳ್ಳಲಿ. ಚೀಟಿಗಳನ್ನು ಹರಡಿದ ದಿನ ಕಂಡ ಆ ಮಕ್ಕಳ ಮುಖ ನನ್ನ ಕಣ್ಣ ಮುಂದಿದೆ, ಆದ್ದರಿಂದಲೇ ಇದನ್ನು ಇಷ್ಟು ಒತ್ತಿ ಬರೆಯುತ್ತಿದ್ದೇನೆ.

ವೀಕ್ಷಣೆ ಮತ್ತು ಲೈಕ್‌ಗಳ ಮಾರಾಟವನ್ನು ಸ್ಪಷ್ಟವಾಗಿ ಅಪರಾಧವೆಂದು ಹೇಳಬೇಕು. ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ 2024ರಲ್ಲಿ ತಂದ ನಿಯಮ, ವ್ಯಾಪಾರದ ಪ್ರಭಾವಕ್ಕಾಗಿ ಸುಳ್ಳು ಹಿಂಬಾಲಕರನ್ನೂ ಸುಳ್ಳು ವೀಕ್ಷಣೆಗಳನ್ನೂ ತಿಳಿದೂ ತಿಳಿದು ಮಾರುವುದನ್ನು ಮತ್ತು ಕೊಳ್ಳುವುದನ್ನು ನಿಷೇಧಿಸಿದೆ. ನಮ್ಮಲ್ಲಿ ಭಾರತೀಯ ಮಾನಕ ಬ್ಯೂರೊ 2022ರಲ್ಲಿ ಆನ್‌ಲೈನ್ ಗ್ರಾಹಕ ವಿಮರ್ಶೆಗಳಿಗೆಂದು ಐಎಸ್ 19000 ಮಾನಕ ಪ್ರಕಟಿಸಿತು. ಅದು ಸರಕು ಮತ್ತು ಸೇವೆಗಳ ವಿಮರ್ಶೆಗೆ ಸಂಬಂಧಿಸಿದ್ದು, ಪಾಲಿಸಲೇಬೇಕೆಂಬ ಕಟ್ಟುಪಾಡನ್ನೂ ಹೇರಲಿಲ್ಲ. ಗ್ರಾಹಕ ವ್ಯವಹಾರಗಳ ಇಲಾಖೆಯ ಜೊತೆ ಮಾತನಾಡಿ ಈ ಕೊರತೆಯನ್ನು ತುಂಬುವುದು ನಿಮ್ಮಿಂದ ಆಗಬಹುದಾದ ಕೆಲಸ. ಹಾಗೆಯೇ, ಸರ್ಕಾರದ ಹಣ ಪಡೆಯುವ ಯಾವ ಸಂಸ್ಥೆಯೂ ಮಕ್ಕಳ ಸ್ಪರ್ಧೆಯ ಫಲಿತಾಂಶವನ್ನು ಲೈಕ್‌ಗಳಿಂದ ನಿರ್ಧರಿಸಬಾರದೆಂದು ಒಂದು ಸುತ್ತೋಲೆ ಹೊರಡಿಸಲು ಕಾನೂನಿನ ತಿದ್ದುಪಡಿಯೂ ಬೇಕಾಗಿಲ್ಲ.

ಕೃಷಿ, ಆರೋಗ್ಯ ಮತ್ತು ವಿಪತ್ತಿನ ವಿಷಯಗಳಿಗೆ ಮಾತ್ರ ಬೇರೆಯೇ ಕ್ರಮ ಬೇಕು. ಅಲ್ಲಿ ವಿಡಿಯೊದ ದಿನಾಂಕ ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿರಲಿ, ಹೇಳುತ್ತಿರುವವರು ಯಾರು, ಯಾವ ಊರಿನ ಬೆಳೆಗೆ ಹೇಳುತ್ತಿದ್ದಾರೆ ಎಂಬುದು ವೀಕ್ಷಣೆಯ ಸಂಖ್ಯೆಗಿಂತ ಮೊದಲು ಕಾಣಲಿ. ನಮ್ಮ ಜಿಲ್ಲೆಯಲ್ಲೇ ಅಪ್ಪಂಗಳದಲ್ಲಿ ಸಾಂಬಾರ ಬೆಳೆಗಳ ಸಂಶೋಧನಾ ಕೇಂದ್ರವಿದೆ, ಚೆಟ್ಟಳ್ಳಿಯಲ್ಲಿ ತೋಟಗಾರಿಕೆಯ ಮತ್ತು ಕಾಫಿಯ ಸಂಶೋಧನಾ ಕೇಂದ್ರಗಳಿವೆ, ಗೋಣಿಕೊಪ್ಪಲಿನಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಇಂಥ ಕಡೆಗಳಲ್ಲಿ ಕೆಲಸ ಮಾಡುವವರು ನಮ್ಮ ಮಣ್ಣು, ನಮ್ಮ ಮಳೆ ನೋಡಿ ಹೇಳಿದ ಮಾತು ವಿರಾಜಪೇಟೆಯ ಬೆಳೆಗಾರರು ಹುಡುಕಿದಾಗ ಅವರಿಗೆ ಮೊದಲು ಸಿಗುವಂತೆ ಮಾಡುವುದು ಇಂದಿನ ತಂತ್ರಜ್ಞಾನಕ್ಕೆ ಕಷ್ಟವಾಗಲಾರದು. ಹುಡುಕುವವರ ಊರು ಯಾವುದೆಂದು ತಿಳಿದು ಅದಕ್ಕೆ ತಕ್ಕ ಜಾಹೀರಾತು ತೋರಿಸಲು ಆ ತಾಣಗಳಿಗೆ ಈಗಾಗಲೇ ಬರುತ್ತದೆ.

ನಾಲ್ಕು ವರ್ಷಗಳಿಂದ ನಮ್ಮ ಗ್ರಂಥಾಲಯದಲ್ಲಿ ಯಾರು ಏನನ್ನು ತಿಳಿಯಲು ಬಂದರು, ಯಾವ ವಿಡಿಯೊ ಆರಿಸಿದರು, ಏಕೆ ಆರಿಸಿದರು ಎಂಬುದನ್ನು ಅವರ ಹೆಸರು ಬರೆಯದೆ ಒಂದು ನೋಟ್‌ಬುಕ್‌ನಲ್ಲಿ ಗುರುತು ಮಾಡಿಕೊಂಡಿದ್ದೇನೆ. ಅದರ ಪ್ರತಿಯನ್ನು ಈ ಪತ್ರದ ಜೊತೆ ಕಳುಹಿಸುತ್ತಿದ್ದೇನೆ. ನಿಮ್ಮ ಅಧಿಕಾರಿಗಳು ಯಾರಾದರೂ ಬಂದು ಒಂದು ದಿನ ನಮ್ಮ ಕಂಪ್ಯೂಟರುಗಳ ಹಿಂದೆ ನಿಂತು ನೋಡುವುದಾದರೆ ಎಲ್ಲ ಅನುಕೂಲ ಮಾಡಿಕೊಡುತ್ತೇನೆ. ಮೇ ತಿಂಗಳ ಕೊನೆಗೆ ಬೆಳೆಗಾರರು ಮೊದಲ ಸಿಂಪಡಣೆಗೆ ಸಿದ್ಧರಾಗುತ್ತಾರೆ, ಆಗ ಅಳತೆ ಕೇಳಿಕೊಂಡು ಮತ್ತೆ ಬರುತ್ತಾರೆ. ಈ ವರ್ಷ ನಾನು 1 ಕಿಲೊ ಮೈಲುತುತ್ತು, 1 ಕಿಲೊ ಸುಣ್ಣ, 100 ಲೀಟರ್ ನೀರು ಎಂದು ಗ್ರಂಥಾಲಯದ ಕಪ್ಪು ಹಲಗೆಯ ಮೇಲೆ ಈಗಲೇ ಬರೆದಿಟ್ಟಿದ್ದೇನೆ. ಅದಕ್ಕೂ ಮೊದಲು ನಿಮ್ಮಿಂದ ಒಂದು ಉತ್ತರ ಬರಬೇಕೆಂದು ಪ್ರಾರ್ಥಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಗ್ರಾಮ ಪಂಚಾಯಿತಿ ಗ್ರಂಥಾಲಯವೊಂದರ ಮೇಲ್ವಿಚಾರಕಿ,
ವಿರಾಜಪೇಟೆ ತಾಲ್ಲೂಕು, ಕೊಡಗು ಜಿಲ್ಲೆ.